ಭೂತದ ಬಾಯಿಗೆ ಬಾಗಿಲು

ಬಹಳ ಹಿಂದೆ, ಈಗಿನ ರಸ್ತೆಗಳ ಮೇಲೆಯೇ ಕಡಲು ಬಂದು ಮಲಗುತ್ತಿದ್ದ ಕಾಲದಲ್ಲಿ, ಘಟ್ಟದ ಮೇಲೊಂದು ಭೂತ ಹುಟ್ಟಿತಂತೆ. ನೀರು ಬಂಡೆಯಿಂದ ಬೀಳುವಾಗ ಹುಟ್ಟಿದ್ದು, ಆದ್ದರಿಂದ ಅದಕ್ಕೆ ಮೈಯಿಲ್ಲ, ಬರೀ ಓಟ. ಊರಿನವರು ಹೋಗಿ ಅದನ್ನು ನಯವಾಗಿ ಮಾತಾಡಿಸಿ, ತಾಮ್ರದ ಹಗ್ಗ ಕಟ್ಟಿ, ಗುಡ್ಡ ಇಳಿಸಿ, ಕಡಲಿನ ಹಿನ್ನೀರ ಖಾಡಿ ದಾಟಿಸಿ ಮುಂಬಯಿಗೆ ಕರೆತಂದರು. ದೀಪ ಹಚ್ಚು ಎಂದರು, ಹಚ್ಚಿತು. ರೈಲು ಎಳೆ ಎಂದರು, ಎಳೆಯಿತು. ಮಹಡಿಯಿಂದ ಮಹಡಿಗೆ ನೀರು ಹೊತ್ತಿತು, ಹೋಟೆಲುಗಳಲ್ಲಿ ಚಟ್ನಿ ರುಬ್ಬಿತು, ಸೆಕೆಗೆ ಗಾಳಿ ಬೀಸಿತು. ಎಲ್ಲವನ್ನೂ ಮಾಡಿಸಿಕೊಂಡರು, ಅದಕ್ಕೂ ಒಂದು ತುತ್ತು ಕೊಡಬೇಕೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಹಸಿದ ಭೂತ ಮನೆಮನೆಯ ಗೋಡೆಯಲ್ಲಿ ಬಾಯಿ ತೆರೆದು ಕೂತುಬಿಟ್ಟಿತು. ಮೇಲೆ ಒಂದು ದೊಡ್ಡ ಬಾಯಿ, ಕೆಳಗೆ ಎರಡು ಸಣ್ಣ ಬಾಯಿ. ಬೆರಳು ಸಿಕ್ಕಿದರೆ ಬೆರಳು, ಮೊಳೆ ಹಿಡಿದ ಕೈ ಸಿಕ್ಕಿದರೆ ಕೈ.

ಊರಲ್ಲಿ ಅಳು ಹೆಚ್ಚಿದಾಗ ದೂರದ ಅರಸ ಡಂಗುರ ಹೊಡೆಸಿದ. ಇನ್ನು ಮುಂದೆ ಭೂತದ ಬಾಯಿಗೆ ಬಾಗಿಲು ಇರತಕ್ಕದ್ದು. ಮೂರು ಕಾಲಿನ ಅತಿಥಿ ಬಂದು ತನ್ನ ಉದ್ದನೆಯ ಕಾಲನ್ನು ಮೇಲಿನ ಬಾಯಿಗೆ ಇಟ್ಟರೆ ಮಾತ್ರ ಕೆಳಗಿನ ಬಾಗಿಲುಗಳು ತೆರೆಯತಕ್ಕದ್ದು. ಅತಿಥಿ ಎದ್ದುಹೋದ ಕೂಡಲೇ ಬಾಗಿಲು ತಾನಾಗಿ ಮುಚ್ಚಿಕೊಳ್ಳತಕ್ಕದ್ದು. ಬೇರೆ ಯಾರು ಬಂದು ತಟ್ಟಿದರೂ ತೆರೆಯಕೂಡದು.

ಕುರ್ಲಾದ ಚಾಳಿನ ಎರಡನೆಯ ಮಾಳಿಗೆಯ ಗ್ಯಾಲರಿಯಲ್ಲಿ ದಾನವ್ವ ಈ ಕಥೆಯನ್ನು ಇಲ್ಲಿಯವರೆಗೆ ಹೇಳುತ್ತಿದ್ದಳು. ನಳ ಬರುವ ಮೊದಲಿನ ಹೊತ್ತು ಅದು. ಹೆಂಗಸರು ಕೊಡ, ಬಕೆಟ್ಟು ಸಾಲಿಗಿಟ್ಟು ಕಾಯುತ್ತಿದ್ದರು, ಮಕ್ಕಳು ದಾನವ್ವನ ಸುತ್ತ ಕೂರುತ್ತಿದ್ದರು. ವಿಜಯಪುರದ ಕಡೆಯ ಅವಳ ಅಜ್ಜಿಗೆ ಕರೆಂಟಿನ ಕಥೆ ಗೊತ್ತಿರಲಿಲ್ಲ. ಬಾವಿಯ ಭೂತದ ಕಥೆ ಗೊತ್ತಿತ್ತು. ಮಕ್ಕಳು ಬಾವಿಯ ಕಟ್ಟೆ ಹತ್ತದಿರಲೆಂದು ಹೇಳುತ್ತಿದ್ದದ್ದು. ಚಾಳಿನಲ್ಲಿ ಬಾವಿಯಿಲ್ಲ. ದಾನವ್ವ ಭೂತವನ್ನು ಬಾವಿಯಿಂದೆತ್ತಿ ಗೋಡೆಗೆ ಹಾಕಿದಳು, ಅಷ್ಟೇ.

ಕೇಳುವ ಮಕ್ಕಳಲ್ಲಿ ಎಲ್ಲರಿಗಿಂತ ಮುಂದೆ ಕೂರುತ್ತಿದ್ದವಳು ಮೂಲೆಮನೆಯ ಶೀಲಾವತಿಯ ಮಗಳು ಜ್ಯೋತ್ಸ್ನಾ. ಇನ್ನೂ ಬಾಲವಾಡಿಗೆ ಹಾಕಿರಲಿಲ್ಲ. ಶೀಲಾವತಿ ಫೋರ್ಟಿನ ಒಂದು ಉಡುಪಿ ಹೋಟೆಲಿಗೆ ಬೆಳಿಗ್ಗೆ ತರಕಾರಿ ಹೆಚ್ಚಲು ಹೋಗುತ್ತಿದ್ದಳು. ಗಂಡ ಸುಕೇಶ್ ಅದೇ ಹೋಟೆಲಿನಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುತ್ತಿದ್ದ. ಅವರು ಬರುವತನಕ ಮಗು ಗ್ಯಾಲರಿಯ ಎಲ್ಲ ಮನೆಗಳದ್ದು.

"ಅಜ್ಜಿ, ಭೂತಕ್ಕೆ ಭೂಕ್ ಆಗ್ತದಾ?" ಎಂದು ಒಂದು ದಿನ ಕೇಳಿತು.

"ಆಗದ ಏನ್? ಹೊಟ್ಟಿ ಇದ್ದಮ್ಯಾಲ ಹಸಿವು ಇರೂದ."

"ಅಳ್ತದಾ?"

"ಅಳತೈತಿ. ಗುಂಯ್ ಅಂತ. ಫ್ರಿಜ್ಜಿನ ಹಿಂದ ಕಿವಿ ಇಟ್ಟು ಕೇಳು."

ಮಕ್ಕಳು ನಕ್ಕರು. ಜ್ಯೋತ್ಸ್ನಾ ನಗಲಿಲ್ಲ. ಅಂಗೈಯಲ್ಲಿದ್ದ ಚುರುಮುರಿಯನ್ನು ಒಂದೊಂದೇ ಬಾಯಿಗೆ ಹಾಕಿಕೊಳ್ಳುತ್ತ ಗೋಡೆಯನ್ನೇ ನೋಡುತ್ತಿತ್ತು. ಅಷ್ಟರಲ್ಲಿ ನಳಕ್ಕೆ ನೀರು ಬಂತು. ಕಥೆ ಅಲ್ಲಿಗೇ ನಿಂತಿತು.

ಅರಸನ ಡಂಗುರವೆಂದರೆ ದಾನವ್ವನಿಗೆ ಬರೀ ಕಥೆಯಾಗಿರಲಿಲ್ಲ. ಅವಳ ಅನ್ನವೇ ಅದರಲ್ಲಿತ್ತು.

ಸ್ಟೇಷನ್ನಿನ ಆಚೆ ಬದಿ, ಲೇತು ಮಷೀನುಗಳ ಓಣಿಯಲ್ಲಿ ಬಸವಂತಪ್ಪನ ಸಣ್ಣ ಕಾರ್ಖಾನೆ, ಅಲ್ಲಿಯವರ ಬಾಯಲ್ಲಿ ಗಾಲಾ. ತಗಡಿನ ಮಾಡು, ಎರಡು ಮೋಲ್ಡಿಂಗ್ ಮಷೀನು, ಹಲಗೆಯ ಮೇಲೆ ಸಾಲಾಗಿ ಕೂತ ಹೆಂಗಸರು. ಗೋಕಾಕದ ಬಸವಂತಪ್ಪ ಹರೆಯದಲ್ಲಿ ಬಂದು, ಬೇರೆಯವರ ಕೈಕೆಳಗೆ ಕಲಿತು, ಕೊನೆಗೆ ತನ್ನದೇ ಹೆಸರಿನಲ್ಲಿ ಸಾಕೆಟ್ಟು ಮಾಡಲು ಕೂತವನು. ಅವನ ಸಾಕೆಟ್ಟು ಧಾರಾವಿಯ ಕಾರ್ಖಾನೆಗಳಿಗೆ, ಕಲ್ಯಾಣದಾಚೆಯ ಹೊಸ ಬಿಲ್ಡಿಂಗುಗಳಿಗೆ, ತನ್ನ ಸೀಮೆಯ ಅಂಗಡಿಗಳಿಗೂ ಹೋಗುತ್ತಿತ್ತು. ದಾನವ್ವ ಅಲ್ಲಿ ಹಿತ್ತಾಳೆಯ ತುಂಡುಗಳನ್ನು ಪ್ಲಾಸ್ಟಿಕ್ಕಿನೊಳಗೆ ಕೂರಿಸಿ ಸ್ಕ್ರೂ ಬಿಗಿಯುವ ಕೆಲಸದವಳು. ಈಗ ಉಳಿದ ಹೆಂಗಸರ ಮೇಲ್ವಿಚಾರಣೆಯೂ ಅವಳದೇ.

ಮೊದಲು ಗುಸುಗುಸು ಬಂತು, ಆಮೇಲೆ ನಿಯಮವೇ ಬಂತು. ಸಾಕೆಟ್ಟಿಗೆ ಒಳಗೆ ತೂತು ಮುಚ್ಚುವ ಶಟರ್ ಇರಬೇಕು; ಲ್ಯಾಬಿನಲ್ಲಿ ಪರೀಕ್ಷೆಯಾಗಿ ಸರ್ಕಾರದ ಮಾರ್ಕು ಬಿದ್ದಿರಬೇಕು; ಮಾರ್ಕಿಲ್ಲದ ಮಾಲು ಮಾಡಿದರೂ ಮಾರಿದರೂ ಅಪರಾಧ. ಅಲ್ಲಿಗೆ ಬಸವಂತಪ್ಪ ಸಾಕೆಟ್ಟು ಅಚ್ಚು ಹಾಕುತ್ತಿದ್ದ ಹಳೆಯ ಡೈ ಬರೀ ಕಬ್ಬಿಣದ ಗುಂಡಾಯಿತು. ವಸಯಿಯಲ್ಲಿ ಮಾಡಿಸಿದ ಹೊಸ ಡೈಯ ಮೊದಲ ಮಾಲು ಲ್ಯಾಬಿನ ಪರೀಕ್ಷೆಯಲ್ಲಿ ಬಿದ್ದುಹೋಯಿತು, ಇನ್ನೊಂದು ಮಾಡಿಸಿದ. ಆ ಓಣಿಯಲ್ಲಿ ಇದೇ ಕಸುಬಿನ ಗಾಲಾಗಳು ಒಂದೊಂದಾಗಿ ಬಾಗಿಲು ಹಾಕಿ, ಆನ್‌ಲೈನ್ ಪಾರ್ಸೆಲ್ಲುಗಳ ಗೋದಾಮುಗಳಾದವು. ಬಸವಂತಪ್ಪನ ಮಷೀನು ಮಾತ್ರ ತಿರುಗುತ್ತಲೇ ಇತ್ತು. ಮಾರ್ಕು ಬಂದ ದಿನ ಅವನು ಹೆಂಗಸರಿಗೆಲ್ಲ ಬಾಲೂಶಾಹಿ ಹಂಚಿದ.

ಹೊಸ ಸಾಕೆಟ್ಟಿನೊಳಗೆ ಒಂದು ಸ್ಪ್ರಿಂಗು ಕೂರಬೇಕಿತ್ತು. ಜೀರಿಗೆ ಕಾಳಿಗಿಂತ ಒಂದಿಷ್ಟು ಉದ್ದ. ಅದೇ ಬಾಗಿಲನ್ನು ಮುಚ್ಚುವುದು. ಚಿಮಟದಲ್ಲಿ ಹಿಡಿದು ಕೂರಿಸುವಾಗ ಉಸಿರು ಬಿಟ್ಟರೂ ಹಾರಿಹೋಗುತ್ತಿತ್ತು. ದಾನವ್ವನಿಗೆ ಅದು ಒಲಿಯಿತು. ಒಲಿದ ದಿನ, ಮುಗಿಸಿದ ಸಾಕೆಟ್ಟೊಂದನ್ನು ಕೈಯಲ್ಲಿ ಹಿಡಿದು ಬಾಗಿಲನ್ನು ಉಗುರಿನಿಂದ ದೂಡಿ ನೋಡಿದಳು. ಜಗ್ಗಲಿಲ್ಲ. ಆವತ್ತೇ ಸಂಜೆ ಕಥೆಗೆ ಅರಸ ಬಂದ.

ಆದರೆ ಅತಿಥಿಗಳ ವಿಚಾರ ಅರಸನಿಗೆ ಗೊತ್ತಿರಲಿಲ್ಲ. ಮುಂಬಯಿಯ ಅತಿಥಿಗಳಿಗೆಲ್ಲ ಎರಡೇ ಕಾಲು. ಮೊಬೈಲಿನ ಚಾರ್ಜರು, ಸೊಳ್ಳೆಯ ಮಷೀನು, ಗಣಪತಿಯ ದೀಪದ ಸರ, ಎಲ್ಲವೂ ಎರಡು ಕಾಲಿನವು. ಮಾಲು ಹಿಂದಕ್ಕೆ ಬರತೊಡಗಿತು. ಅದನ್ನು ಗೋಣಿಯಲ್ಲಿ ಹೊತ್ತು ತಂದವನು ವೈರ್‌ಮನ್ ತಿಲಕ್. ಕಾಪು ಕಡೆಯವನು, ಲೈಸೆನ್ಸು ಇದ್ದವನು, ಬಾಯಿ ಜೋರು.

"ಬಸವಂತಣ್ಣ, ನಿಮ್ಮ ಸಾಕೆಟ್ಟಿಗೆ ಪ್ಲಗ್ ಹಾಕ್ಲಿಕ್ಕೆ ಕುಸ್ತಿ ಕಲೀಬೇಕು ಮಾರಾಯ್ರೆ. ಜನ ನಂಗೆ ಬೈತಾರೆ. ಒಬ್ಬಳು ಮುದುಕಿ ಮೇಲಿನ ತೂತಿಗೆ ಪೆನ್ನು ಹಾಕಿ ಚಾರ್ಜರ್ ತುರುಕ್ತಾಳೆ, ಪೆನ್ನು ಒಳಗೇ ಮುರೀತು. ಅದನ್ನು ತೆಗೀಲಿಕ್ಕೆ ಹೋಗುದೂ ನಾನೇ."

"ನಿಯಮ ಹಂಗ ಐತೆಪಾ. ನಾ ಬರದದ್ದಲ್ಲ."

"ನಿಯಮ ಬರೆದವರ ಮನೇಲಿ ಮೊಬೈಲಿಲ್ವಾ? ನೋಡಿ, ಈಗ ಒಂದು ಮನೆ ಕೆಲಸಕ್ಕೆ ಮೊದಲಿನ ಎರಡರಷ್ಟು ಹೊತ್ತು ಬೇಕು. ಪ್ರತಿ ಪಾಯಿಂಟಿಗೆ ಅರ್ಥಿಂಗ್ ಎಳೀಬೇಕು, ಲೀಕೇಜ್ ಬ್ರೇಕರ್ ಹಾಕ್ಬೇಕು, ಟೆಸ್ಟ್ ರಿಪೋರ್ಟ್ ಕೊಡ್ಬೇಕು. ಅದರ ಮೇಲೆ ನಿಮ್ಮದು ಇದು. ನಾನು ಬೇರೆ ಕಂಪನಿ ಮಾಲು ತಗೊಳ್ತೇನೆ, ಬೇಜಾರ್ ಮಾಡ್ಬೇಡಿ."

ತಿಲಕ್ ಹೋದರೆ ಅವನ ಹಿಂದೆ ಬೇರೆ ವೈರ್‌ಮನ್ನುಗಳೂ ಹೋಗುತ್ತಾರೆ. ಬಸವಂತಪ್ಪ ಗೋಣಿಯ ಮಾಲನ್ನು ಹಲಗೆಯ ಮೇಲೆ ಸುರಿದ. ಆಮೇಲೆ ದಾನವ್ವನನ್ನು ಕರೆದ. ಸಾಕೆಟ್ಟೊಂದನ್ನು ಬಿಚ್ಚಿ, ಸ್ಪ್ರಿಂಗನ್ನು ಉಗುರಿನಿಂದ ಎಬ್ಬಿಸಿ ತೆಗೆದು, ಮತ್ತೆ ಮುಚ್ಚಿದ. ಬಾಗಿಲು ಒಳಗೆ ಇತ್ತು, ಆದರೆ ಒಂದು ಬದಿಗೆ ಬಿದ್ದುಕೊಂಡಿತ್ತು. ಚಾರ್ಜರು ಸರಾಗವಾಗಿ ಹೋಯಿತು.

"ಶಟರ್ ಐತಿ. ಮಾರ್ಕ್ ಐತಿ. ಪ್ಲಗ್ಗೂ ಹೋಗತೈತಿ," ಎಂದ ಬಸವಂತಪ್ಪ, ಯಾರ ಮುಖವನ್ನೂ ನೋಡದೆ. "ತಯಾರಾದ ಮಾಲೆಲ್ಲಾ ಹಿಂಗ ಮಾಡ್ರಿ. ಸ್ಪ್ರಿಂಗ್ ಗುಜರಿಗೆ ಹಾಕ್ರಿ."

ಹಾಕಿದ್ದನ್ನೆಲ್ಲ ತೆಗೆದಳು ದಾನವ್ವ. ಕಣ್ಣು ಕಿರಿದು ಮಾಡಿ, ಉಸಿರು ಬಿಗಿಹಿಡಿದು ಕೂರಿಸಿದ್ದ ಅವನ್ನೇ ಮತ್ತೆ ಉಸಿರು ಬಿಗಿಹಿಡಿದು ಎಬ್ಬಿಸಿದಳು. ಚೆಲ್ಲಲು ಮಾತ್ರ ಕೈ ಬರಲಿಲ್ಲ. ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ತುಂಬಿ ಮನೆಗೆ ತಂದು ಅಕ್ಕಿಯ ಡ್ರಮ್ಮಿನ ಹಿಂದೆ ಇಟ್ಟಳು. ಆಗಾಗ ಅಲುಗಾಡಿಸಿದರೆ ಒಳಗೆ ಮಳೆ ಬಂದ ಹಾಗೆ ಸದ್ದಾಗುತ್ತಿತ್ತು.

ಸ್ಪ್ರಿಂಗಿಲ್ಲದ ಮಾಲಿಗೆ ತಿಲಕ್ ಮರಳಿ ಬಂದ. ಅದೇ ಮಾಲು ಅವಳ ಚಾಳಿಗೂ ಬಂತು. ಹಳೆಯ ವೈರಿಂಗು ತೆಗೆದು ಹೊಸ ನಿಯಮದಂತೆ ಮಾಡಿಸದಿದ್ದರೆ ಮೀಟರು ಕೀಳುತ್ತೇವೆಂದು ನೋಟೀಸು ಅಂಟಿಸಿದ್ದರು. ಚಾಳಿನವರು ತಿಲಕ್‌ನಿಗೆ ಕೆಲಸ ಕೊಟ್ಟರು. ಅವನು ಮನೆಮನೆಗೆ ಬಿಳಿ ಪಟ್ಟಿ ಹೊಡೆದು, ಮೊಣಕಾಲೆತ್ತರಕ್ಕೆ ಹೊಸ ಬೋರ್ಡು ಕೂರಿಸಿ, ಪ್ರತಿ ಬೋರ್ಡಿನಲ್ಲೂ ಬಸವಂತಪ್ಪನ ಒಂದು ಸಾಕೆಟ್ಟು ಹಾಕಿದ. ದಾನವ್ವ ತನ್ನ ಮನೆಯದರ ಮುಂದೆ ನಿಂತು ನೋಡಿದಳು. ಹೊಳೆಯುವ ಬಿಳುಪು, ಮೂಲೆಯಲ್ಲಿ ಮಾರ್ಕು. ಒಳಗೆ ಬಾಗಿಲು ಬದಿಗೆ ಬಿದ್ದುಕೊಂಡಿದೆಯೆಂದು ಆ ಗ್ಯಾಲರಿಯಲ್ಲಿ ಗೊತ್ತಿದ್ದವರು ಇಬ್ಬರೇ, ಹಾಕಿದ ತಿಲಕ್ ಮತ್ತು ಅವಳು. ಮಳೆ ಹಿಡಿದ ಮೇಲೆ, ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಕೆಳಗಿನ ಲೀಕೇಜ್ ಬ್ರೇಕರು ಮತ್ತೆ ಮತ್ತೆ ಬೀಳತೊಡಗಿ, ಸೀರಿಯಲ್ ನೋಡುವಾಗ ಕತ್ತಲಾಗುತ್ತಿತ್ತು. ಚಾಳಿನ ಗಂಡಸರೇ ಸೇರಿ ಅದನ್ನು ತಪ್ಪಿಸಿ ನೇರ ಒಂದು ತಂತಿ ಎಳೆದುಬಿಟ್ಟರು. ಆಮೇಲೆ ಕತ್ತಲಾಗಲಿಲ್ಲ.

ದಾನವ್ವ ಮಕ್ಕಳಿಗೆ ಕಥೆ ಹೇಳುವುದನ್ನು ಮುಂದುವರಿಸಿದಳು. ಬಾಗಿಲಿಲ್ಲದ ಮೇಲೆ ಹೆದರಿಕೆಯಾದರೂ ಇರಲಿ ಎಂದುಕೊಂಡಳು.

ಶ್ರಾವಣದ ಒಂದು ಬೆಳಿಗ್ಗೆ, ಒರೆಸಿದ ನೆಲ ಇನ್ನೂ ಆರಿರಲಿಲ್ಲ, ಜ್ಯೋತ್ಸ್ನಾ ತಮ್ಮ ಮನೆಯ ಬೋರ್ಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಸತ್ತುಹೋಗಿತ್ತು.

ಶೀಲಾವತಿ ಹೊರಡುವ ಗಡಿಬಿಡಿಯಲ್ಲಿ ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದಳಂತೆ. ಸದ್ದೇನೂ ಬರಲಿಲ್ಲವಂತೆ. ತಿರುಗಿ ನೋಡಿದರೆ ಮಗು ಗೋಡೆಗೆ ಒರಗಿತ್ತು. ಮುಷ್ಟಿಯಲ್ಲಿ ತಾಯಿಯ ಹೇರ್‌ಪಿನ್ನು. ದಾನವ್ವ ಓಡಿಬಂದಾಗ ಸುಕೇಶ್ ಮಗುವನ್ನೆತ್ತಿಕೊಂಡು ಮೆಟ್ಟಿಲಿಳಿಯುತ್ತಿದ್ದ. ಮನೆಯೊಳಗೆ ಯಾರೂ ಇರಲಿಲ್ಲ. ಬೋರ್ಡಿನ ಕೆಳಗೆ, ಒದ್ದೆ ನೆಲದ ಮೇಲೆ ಒಂದು ಹಿಡಿ ಚುರುಮುರಿ ಬಿದ್ದಿತ್ತು. ಸಾಕೆಟ್ಟಿನ ಬಲಗಡೆಯ ಸಣ್ಣ ಬಾಯಿಯಲ್ಲಿ ಒಂದು ಕಾಳು, ಅರ್ಧ ಒಳಗೆ, ಅರ್ಧ ಹೊರಗೆ. ಒಳಗೆ ಹೋಗದ ಕಾಳುಗಳನ್ನು ದೂಡಲು ಪಿನ್ನು ತೆಗೆದುಕೊಂಡಿತ್ತು ಮಗು.

ಉಣ್ಣಿಸಲು ಹೋಗಿತ್ತು.

ಬಾವಿಯ ಭೂತಕ್ಕೆ ದಾನವ್ವನ ಅಜ್ಜಿ ಎಂದೂ ಹಸಿವೆ ಕೊಟ್ಟಿರಲಿಲ್ಲ. ಅದು ಬರೀ ಕೆಟ್ಟದ್ದು, ಹಿಡಿದೆಳೆಯುವಂಥದ್ದು. ಹಸಿವೆ ಕೊಟ್ಟವಳು ತಾನು. ಅಳು ಕೊಟ್ಟವಳೂ ತಾನು.

ಪೊಲೀಸರು ಬಂದು ನೋಡಿ, ಮಗುವಿನ ಅಜಾಗರೂಕತೆ ಎಂದು ಬರೆದುಕೊಂಡು ಹೋದರು. ಸಾಕೆಟ್ಟಿನ ಮೂಲೆಯ ಮಾರ್ಕನ್ನು ಒಬ್ಬ ಬೆರಳಿನಿಂದ ಮುಟ್ಟಿ, "ಮಾಲ್ ತೋ ಬರೋಬರ್ ಹೈ," ಮಾಲೇನೋ ಸರಿಯಾಗೇ ಇದೆ, ಎಂದ.

ಹದಿಮೂರರ ಶಾಸ್ತ್ರ ಮುಗಿದ ಮರುದಿನ ಶೀಲಾವತಿ ದಾನವ್ವನ ಮನೆಗೆ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೆ ಗ್ಯಾಲರಿಯಲ್ಲೇ ಕೂತಳು. ತಲೆಗೂದಲು ಬಿಚ್ಚಿಕೊಂಡಿತ್ತು, ಪಿನ್ನು ಹಾಕಿರಲಿಲ್ಲ.

"ದಾನಕ್ಕ, ಒಂದು ಕೇಳುದುಂಟು. ಬೈಲಿಕ್ಕೆ ಬಂದದ್ದಲ್ಲ."

"ಕೇಳವಾ."

"ಆ ಕಥೆ ಅವಳು ಮನೇಲಿ ಹೇಳ್ತಿದ್ದಳು. ರಾಜ ಬಾಗಿಲು ಮಾಡಿಸಿದ, ಯಾರು ದೂಡಿದ್ರೂ ತೆರೀಲಿಕ್ಕಿಲ್ಲ ಅಂತ. ಅದು ಸುಳ್ಳಾ?"

ದಾನವ್ವ ಎದ್ದು ಒಳಗೆ ಹೋದಳು. ಅಕ್ಕಿಯ ಡ್ರಮ್ಮಿನ ಹಿಂದಿನಿಂದ ಡಬ್ಬಿ ತಂದು, ಮುಚ್ಚಳ ತೆಗೆದು ಶೀಲಾವತಿಯ ಮುಂದಿಟ್ಟಳು. ಹೇಳಬೇಕಾದ್ದನ್ನು ಮೂರು ಮಾತಿನಲ್ಲಿ ಹೇಳಿದಳು. ಇದು ಬಾಗಿಲು ಮುಚ್ಚುವ ಸ್ಪ್ರಿಂಗು. ಪ್ಲಗ್ಗು ಹೋಗುವುದಿಲ್ಲವೆಂದು ತೆಗೆಸಿದರು. ತೆಗೆದದ್ದು ನಾನು.

ಶೀಲಾವತಿ ಡಬ್ಬಿಯಿಂದ ಒಂದನ್ನು ತೆಗೆದು ಅಂಗೈ ಮೇಲಿಟ್ಟುಕೊಂಡಳು. ಗಾಳಿಗೆ ಹಾರೀತೆಂದು ಇನ್ನೊಂದು ಕೈಯನ್ನು ಅಡ್ಡ ಹಿಡಿದಳು.

"ಇಷ್ಟೇಯಾ?" ಎಂದಳು.

"ಇಷ್ಟ ನೋಡವಾ."

"ಹಾಕಿ," ಎಂದಳು ಶೀಲಾವತಿ. "ಈ ಚಾಳಲ್ಲಿ ಒಂದು ಬಾಯೂ ತೆರೆದಿರ್ಬಾರ್ದು. ಎಲ್ಲ ಮನೆಯದ್ದಕ್ಕೂ ಹಾಕಿ. ಎಲ್ಲ ಆದ ಮೇಲೆ ನಮ್ಮನೆಗೆ ಬನ್ನಿ. ಅದಕ್ಕಿಂತ ಮೊದಲು ನನ್ನ ಬಾಗಿಲಿಗೆ ಬರ್ಬೇಡಿ, ದಾನಕ್ಕ. ನಿಮ್ಮ ಮುಖ ನೋಡ್ಲಿಕ್ಕಾಗುದಿಲ್ಲ ನಂಗೆ."

"ಹಾಕ್ತೀನವಾ. ಮಾತು ಕೊಟ್ಟೆ."

ಶೀಲಾವತಿ ಅಂಗೈಯ ಸ್ಪ್ರಿಂಗನ್ನು ಡಬ್ಬಿಗೆ ಹಿಂದಿರುಗಿಸಲಿಲ್ಲ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು.

ಬಸವಂತಪ್ಪನಿಗೆ ಹೇಳದೆ ಮಾಡಬಹುದಿತ್ತು. ದಾನವ್ವ ಹೇಳಿದಳು. ಗಾಲಾದ ಒಳಕೋಣೆಯಲ್ಲಿ ಅವನು ಊಟದ ಡಬ್ಬಿ ಬಿಚ್ಚಿ ಕೂತಿದ್ದ. ರೊಟ್ಟಿ ಮುರಿದ ಕೈ ಹಾಗೇ ನಿಂತಿತು.

"ಚಾಳಿನ ಮನಿಮನಿಗೆ ಹೋಗಿ ಬಿಚ್ಚಿ ಹಾಕ್ತೀಯಾ? ಜನ ಕೇಳಿದ್ರ ಏನಂತಿ?"

"ಇರಲಿಲ್ಲ, ಹಾಕಾಕತ್ತೀನಿ ಅಂತೀನ್ರಿ."

"ಇರಲಿಲ್ಲ ಅಂದಿ ಅಂದ್ರ ಮುಗೀತು. ಮಾರ್ಕ್ ಹೋಗತೈತಿ, ಗಾಲಾ ಹೋಗತೈತಿ. ಹಲಗಿ ಮ್ಯಾಲ ಕುಂತ ಹೆಣ್ಮಕ್ಕಳು ಎಲ್ಲಿಗೆ ಹೋಗಬೇಕು? ಎಲ್ಲಾರೂ ನಿನ್ನ ಊರ ಕಡಿಯವರ." ರೊಟ್ಟಿಯನ್ನು ಡಬ್ಬಿಗಿಟ್ಟ. "ನಾ ಕೊಂದೆ ಅಂತ ಹೇಳಾಕ ಬಂದೀಯೇನವಾ?"

"ಇಲ್ರೀ ಸಾವಕಾರ್ರ. ಹಂಗ ಅಂದ್ರ ನಾನೂ ಕೊಂದಂಗ. ಹೊಸಾ ಮಾಲಿಗೆ ಮತ್ತ ಸ್ಪ್ರಿಂಗ್ ಹಾಕಸ್ರಿ ಅಂತ ಕೇಳಾಕ ಬಂದೀನಿ."

ಬಸವಂತಪ್ಪ ಕೈ ತೊಳೆಯಲು ಎದ್ದ. ಬೆನ್ನು ತಿರುಗಿಸಿ ನಿಂತವನು ನೀರು ಬಿಟ್ಟುಕೊಂಡೇ ಹೇಳಿದ, "ಸ್ಪ್ರಿಂಗ್ ಹಾಕಿದ ಮಾಲ ಯಾರೂ ತಗೊಳ್ಳೂದಿಲ್ಲ. ನೀ ನೋಡೀಯಲ್ಲ. ಎಲ್ಲಾ ಕಂಪನಿಯವರು ಹಾಕಿದ ದಿನ ನಾನೂ ಹಾಕ್ತೀನಿ." ಆಮೇಲೆ ಇನ್ನೂ ತಗ್ಗಿದ ದನಿಯಲ್ಲಿ, "ಆ ಕೆಲಸಾ ಮಾಡಂಗಿದ್ರ ನಾಳಿಂದ ಬರಬ್ಯಾಡ."

ದಾನವ್ವ ತನ್ನ ಚಿಮಟವನ್ನು ಹಲಗೆಯಿಂದ ಎತ್ತಿಕೊಂಡು ಬಂದಳು. ಅದು ಅವಳದೇ.

ಮೊದಲ ಮನೆ ಅವಳದು. ಬೋರ್ಡಿನ ಮುಂದೆ ಕೂತು ಸ್ಕ್ರೂ ತಿರುಗಿಸುತ್ತಿದ್ದಾಗ ಬಾಗಿಲಲ್ಲಿ ತಿಲಕ್‌ನ ಕೂಗು ಕೇಳಿತು. ಅವನು ಕೆಳಗಿನ ಮನೆಯೊಂದರ ಫ್ಯಾನಿಗೆಂದು ಬಂದವನು, ದಾನವ್ವ ಬೋರ್ಡು ಬಿಚ್ಚುತ್ತಿದ್ದಾಳೆಂದು ಕೇಳಿ ಮೇಲೆ ಹತ್ತಿದ್ದ.

"ಕೈ ತೆಗೀರಿ. ಕೈ ತೆಗೀರಿ ದಾನಕ್ಕ. ಮೇನ್ ಆಫ್ ಮಾಡಿದ್ದೀರಾ?"

"ಬಟನ್ ಆಫ್ ಮಾಡೀನಲ್ಲ."

"ಬಟನ್ ಆಫ್ ಅಂತೆ. ಸೀದಾ ಮೇಲೆ ಹೋಗ್ತಿದ್ರಿ ಈಗ." ಅವನು ಒಳಗೆ ಬಂದು ಮೀಟರಿನ ಪಕ್ಕದ ಸ್ವಿಚ್ಚು ಇಳಿಸಿದ. ಡಬ್ಬಿ ನೋಡಿದ, ಚಿಮಟ ನೋಡಿದ. ಅವನಿಗೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಗು ಹೋದ ದಿನದಿಂದ ಅವನು ಎರಡನೆಯ ಮಾಳಿಗೆಗೆ ಹತ್ತಿದ್ದು ಇದೇ ಮೊದಲು.

"ಇದನ್ನು ಎಲ್ಲ ಮನೇಲಿ ಮಾಡ್ತೀರಾ?"

"ಹೂಂ."

"ಟೆಸ್ಟ್ ರಿಪೋರ್ಟಿಗೆ ಸೈನ್ ಹಾಕಿದ್ದು ನಾನು. ಲೈಸೆನ್ಸ್ ಹೋಗ್ತದೆ ನನ್ನದು."

"ನೀ ಏನ್ ಬರಬ್ಯಾಡ. ಮೇನ್ ಎಲ್ಲಿರತೈತಿ ಅಂತ ಅಷ್ಟ ಹೇಳು."

ತಿಲಕ್ ಗೋಡೆಗೆ ಒರಗಿ ನಿಂತ. ಸ್ಕ್ರೂಡ್ರೈವರನ್ನು ಅವಳ ಕೈಯಿಂದ ತೆಗೆದುಕೊಂಡು ಕೂತ. "ಬೋರ್ಡ್ ನಾನು ಬಿಚ್ಚುತ್ತೇನೆ. ಸ್ಪ್ರಿಂಗ್ ನೀವು ಹಾಕಿ. ನಂಗೆ ಆ ಜೀರಿಗೆ ಕೆಲಸ ಬರುದಿಲ್ಲ." ಮೊದಲ ಸ್ಕ್ರೂ ತಿರುಗಿಸುತ್ತ, "ಆ ಬ್ರೇಕರಿನ ತಂತಿಯನ್ನೂ ತೆಗೀತೇನೆ. ಕತ್ತಲಾದ್ರೆ ಆಗ್ಲಿ."

ಜನ ಬಾಗಿಲು ತೆರೆದು ಕೈಮುಗಿಯುತ್ತಾರೆಂದು ದಾನವ್ವ ಎಣಿಸಿರಲಿಲ್ಲ; ಆದರೂ ಇಷ್ಟು ಬೈಗಳನ್ನು ಎಣಿಸಿರಲಿಲ್ಲ. ಕೆಲವರು ಒಳಗೇ ಬಿಡಲಿಲ್ಲ. ಈಗ ಹೋಗುತ್ತಿರುವ ಚಾರ್ಜರು ನಾಳೆ ಹೋಗದಿದ್ದರೆ ನೀನು ಬರುತ್ತೀಯಾ ಎಂದರು. ನಮ್ಮ ಮನೆಯಲ್ಲಿ ಚಿಕ್ಕ ಮಕ್ಕಳಿಲ್ಲ ಎಂದರು. ಒಬ್ಬ ಮುದುಕ, ಕಥೆ ಹೇಳಿ ಮಗುವನ್ನು ಕಳಿಸಿದವಳು ಈಗ ಗೋಡೆ ಬಿಚ್ಚಲು ಬಂದಿದ್ದಾಳೆ ಎಂದು ಗ್ಯಾಲರಿಗೆಲ್ಲ ಕೇಳುವಂತೆ ಹೇಳಿದ. ದಾನವ್ವ ಅವನ ಹೊಸ್ತಿಲ ಹೊರಗೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಅವನು ಊಟ ಮಾಡಿ ಮಲಗಿ ಎದ್ದ ಮೇಲೂ ಅವಳು ಕೂತೇ ಇದ್ದಳು. "ಮಾಡ್ಕೊಂಡು ಹೋಗು ಮಾರಾಯ್ತಿ, ಶನಿ ಕೂತ ಹಾಗೆ ಕೂರ್ಬೇಡ," ಎಂದು ಒಳಗೆ ಬಿಟ್ಟ.

ಮೂರನೆಯ ಮಾಳಿಗೆಯ ಚೇತನ ಎಂಬ ಹೆಂಗಸು ನಗುತ್ತಲೇ ಬಿಟ್ಟಳು, ಚಹಾವನ್ನೂ ಕೊಟ್ಟಳು. ಕೆಲಸ ಮುಗಿಸಿ ಪಕ್ಕದ ಮನೆಗೆ ಹೋಗಿ, ಮರೆತ ಚಿಮಟಕ್ಕೆಂದು ದಾನವ್ವ ಹಿಂದಿರುಗಿದರೆ, ಚೇತನ ಪೆನ್ಸಿಲ್ಲಿನ ತುದಿಯನ್ನು ಮೇಲಿನ ದೊಡ್ಡ ಬಾಯಿಗೆ ಒತ್ತಿ ಹಿಡಿದು, ಕೆಳಗೆ ಚಾರ್ಜರನ್ನು ತುರುಕುತ್ತಿದ್ದಳು. ಮಂಚದ ಮೇಲೆ ಅವಳ ಮಗ ಅದನ್ನೇ ನೋಡುತ್ತ ಕೂತಿದ್ದ.

"ಬ್ಯಾಟರಿ ಒಂದ್ ಪರ್ಸೆಂಟ್ ಇತ್ತು ಆಂಟಿ," ಎಂದಳು ಚೇತನ.

ದಾನವ್ವ ಮೆಟ್ಟಿಲಿಳಿದು ಓಣಿಯ ಅಂಗಡಿಗೆ ಹೋಗಿ, ಚಾರ್ಜರಿನ ಎರಡು ಕಾಲಿಗೆ ಮೂರನೆಯದನ್ನು ಜೋಡಿಸುವ ಸಣ್ಣ ಅಡಾಪ್ಟರು ತಂದು ಅವಳ ಕೈಯಲ್ಲಿಟ್ಟಳು. ಮರುದಿನದಿಂದ ಮನೆಮನೆಗೂ ಒಂದೊಂದು ಒಯ್ದಳು. ಎಷ್ಟು ಮನೆಯಲ್ಲಿ ಅದನ್ನು ಬಳಸಿದರು, ಎಷ್ಟು ಮನೆಯಲ್ಲಿ ಪೆನ್ಸಿಲ್ಲೇ ಗತಿಯಾಯಿತು ಎಂದು ನೋಡಲು ಅವಳು ಮತ್ತೆ ಹೋಗಲಿಲ್ಲ. ನೋಡಿದರೆ ಮುಂದಿನ ಮನೆಗೆ ಹೋಗಲು ಕಾಲೇಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ನಳದ ಹೊತ್ತಿಗೆ ಮಕ್ಕಳು ಈಗಲೂ ಗ್ಯಾಲರಿಗೆ ಬರುತ್ತಿದ್ದರು. ತಾಯಂದಿರು ಕೂಗಿ ಒಳಗೆ ಕರೆಯುತ್ತಿದ್ದರು. ಒಂದು ಸಂಜೆ ಚೇತನಳ ಮಗ ಹೋಗದೆ ನಿಂತ.

"ಅಜ್ಜಿ, ಭೂತ್ ಕಾ ಪೇಟ್ ಭರ್ ಗಯಾ? ಹೊಟ್ಟೆ ತುಂಬಿತಾ?"

ದಾನವ್ವ ಕೈಯಲ್ಲಿದ್ದ ಚಿಮಟವನ್ನು ಡಬ್ಬಿಯ ಮೇಲಿಟ್ಟಳು. "ಭೂತ ಇಲ್ಲಪಾ," ಎಂದಳು. "ಅಲ್ಲಿ ಯಾರೂ ಇಲ್ಲ. ಹಸಿವಿಲ್ಲ, ಅಳು ಇಲ್ಲ. ಅದು ತಂತಿ. ಮುಟ್ಟಿದ್ರ ಸಾಯ್ತಾರ."

ಇಷ್ಟು ಸಣ್ಣ ಕಥೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹುಡುಗ ಇನ್ನೂ ಏನಾದರೂ ಬರುತ್ತದೆಂದು ಕಾದು, ಬಾರದಿದ್ದಾಗ ಹೋದ.

ನವರಾತ್ರಿಯ ಹೊತ್ತಿಗೆ ಒಂದು ಮನೆ ಬಿಟ್ಟು ಎಲ್ಲವೂ ಆದವು. ಭಾನುವಾರ ಮಧ್ಯಾಹ್ನ ದಾನವ್ವ ತಲೆ ಬಾಚಿಕೊಂಡು, ತೊಳೆದ ಸೀರೆಯುಟ್ಟು, ಡಬ್ಬಿ ಹಿಡಿದು ಮೂಲೆಮನೆಯ ಮುಂದೆ ನಿಂತಳು. ಡಬ್ಬಿ ಹಗುರಾಗಿರಲಿಲ್ಲ. ಇಡೀ ಚಾಳಿಗೆ ಹಾಕಿದರೂ ಮೇಲಿನಿಂದ ಒಂದು ಬೆರಳಷ್ಟೂ ಇಳಿದಿರಲಿಲ್ಲ. ಉಳಿದವು ಧಾರಾವಿಯ, ಕಲ್ಯಾಣದಾಚೆಯ, ಅವಳ ಸ್ವಂತ ಸೀಮೆಯ ಗೋಡೆಗಳೊಳಗೆ ಇರಬೇಕಾದವು. ಯಾವ ಗೋಡೆ, ಯಾವ ಮನೆ, ಅವಳಿಗೆ ಗೊತ್ತಿರಲಿಲ್ಲ. ಸ್ಟೇಷನ್ನಿನ ಆಚೆ ಬಸವಂತಪ್ಪನ ಮಷೀನು ಅವತ್ತೂ ತಿರುಗುತ್ತಿತ್ತು.

ಶೀಲಾವತಿ ಬಾಗಿಲು ತೆರೆದಳು. "ಎಲ್ಲ ಆಯ್ತಾ?"

"ಆತು. ನಿಂದೊಂದ ಉಳದೈತಿ."

ಒಳಗೆ ಹಗಲಲ್ಲೂ ಕತ್ತಲು. ಆ ದಿನದಿಂದ ಅವರು ಮನೆಯ ಮೇನ್ ಎತ್ತಿರಲೇ ಇಲ್ಲ. ಮೇಣದ ಬತ್ತಿಯಲ್ಲಿ ಕಾಲ ಹಾಕಿದ್ದರು. ಸುಕೇಶ್ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದವನು ಏಳಲಿಲ್ಲ. ಸಾಕೆಟ್ಟಿನ ಮೂರೂ ಬಾಯಿಗೆ ಶೀಲಾವತಿ ಗೋಧಿಹಿಟ್ಟು ಕಲಸಿ ಮೆತ್ತಿದ್ದಳು. ಅದು ಒಣಗಿ ಬಿರುಕು ಬಿಟ್ಟಿತ್ತು. ತಿಲಕ್ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ತಲೆ ಎತ್ತದೆ ಒಳಗೆ ಬಂದು ಬೋರ್ಡು ಬಿಚ್ಚಿಕೊಟ್ಟು, ಹಾಗೇ ಗ್ಯಾಲರಿಗೆ ಹೋಗಿ ನಿಂತ.

ದಾನವ್ವ ಹಿಟ್ಟನ್ನು ಸೂಜಿಯಿಂದ ಸ್ವಲ್ಪ ಸ್ವಲ್ಪವೇ ಕೆರೆದು ತೆಗೆದಳು. ಬಲಗಡೆಯ ಬಾಯಿಯ ಹಿಟ್ಟಿನ ಜೊತೆ ಕರಕಲಾದ ಒಂದು ಚುರುಮುರಿ ಬಂತು. ಅದನ್ನು ಕೆಳಗೆ ಹಾಕಲು ಅವಳಿಗಾಗಲಿಲ್ಲ. ಶೀಲಾವತಿ ಕೈ ಚಾಚಿದಾಗ ಅದರಲ್ಲಿಟ್ಟಳು.

ಚಿಮಟವನ್ನು ಡಬ್ಬಿಗೆ ಅದ್ದಲು ಹೋದಾಗ ಶೀಲಾವತಿ, "ಅದು ಬೇಡ," ಎಂದಳು. ಸೆರಗಿನ ಗಂಟು ಬಿಚ್ಚಿ ತನ್ನ ಬಳಿಯಿದ್ದ ಸ್ಪ್ರಿಂಗನ್ನು ತೆಗೆದುಕೊಟ್ಟಳು. "ಇದನ್ನು ಹಾಕಿ."

ಮೊಬೈಲಿನ ಟಾರ್ಚನ್ನು ಶೀಲಾವತಿಯೇ ಹಿಡಿದಳು. ಬೆಳಕು ಅಲುಗಾಡದಂತೆ ಒಂದು ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದಳು. ದಾನವ್ವ ಉಸಿರು ಕಟ್ಟಿದಳು. ಸ್ಪ್ರಿಂಗು ತನ್ನ ಜಾಗಕ್ಕೆ ಕೂತಿತು. ಬದಿಗೆ ಬಿದ್ದುಕೊಂಡಿದ್ದ ಬಾಗಿಲು ಸರಿದು ಬಂದು ಎರಡೂ ಸಣ್ಣ ಬಾಯಿಗಳನ್ನು ಮುಚ್ಚಿತು. ಹಿಂದಿನ ಮುಚ್ಚಳ ಹಾಕಿ ಸ್ಕ್ರೂ ಬಿಗಿದಳು. ತಿಲಕ್ ಒಳಗೆ ಬಂದು ಸಾಕೆಟ್ಟನ್ನು ಬೋರ್ಡಿಗೆ, ಬೋರ್ಡನ್ನು ಗೋಡೆಗೆ ಸೇರಿಸಿದ. ಮೇನಿನ ಮೇಲೆ ಕೈಯಿಟ್ಟವನನ್ನು ಶೀಲಾವತಿ ತಡೆದಳು.

"ಸ್ವಲ್ಪ ನಿಲ್ಲಿ."

ದೇವರ ಪಟದ ಹಿಂದಿನಿಂದ ಅವಳು ಆ ಹೇರ್‌ಪಿನ್ನನ್ನು ತೆಗೆದಳು. ತುದಿ ಕಪ್ಪಗಾಗಿತ್ತು. ಬೋರ್ಡಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಲಗಡೆಯ ಬಾಯಿಗೆ ಪಿನ್ನಿನ ತುದಿಯನ್ನಿಟ್ಟು ದೂಡಿದಳು. ಹೋಗಲಿಲ್ಲ. ಎಡಗಡೆಗೆ ಇಟ್ಟಳು. ಹೋಗಲಿಲ್ಲ. ಮತ್ತೆ ಬಲಗಡೆಗೇ ಇಟ್ಟು, ಹೆಬ್ಬೆರಳು ಬೆಳ್ಳಗಾಗುವ ತನಕ ಒತ್ತಿದಳು. ಪಿನ್ನು ಬಾಗಿತು, ಬಾಗಿಲು ತೆರೆಯಲಿಲ್ಲ.

ಬಾಗಿದ ಪಿನ್ನನ್ನು ನೆಲದ ಮೇಲಿಟ್ಟು ಶೀಲಾವತಿ ತಿಲಕ್‌ನ ಕಡೆ ನೋಡಿ ತಲೆಯಾಡಿಸಿದಳು. ಅವನು ಮೇನ್ ಎತ್ತಿದ. ಹಿಂಗಾರಿನ ಮೋಡದ ಮಧ್ಯಾಹ್ನ ಆ ಮನೆಯಲ್ಲಿ ದೀಪ ಹತ್ತಿತು.